ಮಹಾನಗರದ ಸೆರಗಿನ ಹೊಲಗಳು

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಯಥಾಮತಿಯಾಗಿ ನಿರೂಪಿಸಲು ಉದ್ಯುಕ್ತನಾಗಿದ್ದೇನೆ.

ಮಹಾನಗರದ ಒಳಗೂ ಅದರ ಸುತ್ತಲೂ ಇರುವ ಸಾಗುವಳಿ ಭೂಮಿಯನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಪಾಠಶಾಲೆಯಲ್ಲಿ ಶಾಸ್ತ್ರಗ್ರಂಥಗಳ ನಡುವೆ ಕಾಲಕಳೆಯುವವನಿಗೆ ಹೊಲಗದ್ದೆಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಮಠದ ದಾಸೋಹದ ಒಲೆ ಉರಿಯುತ್ತಿರುವುದು ಸುಗ್ಗಿಯ ಕಾಲದಲ್ಲಿ ತಾವು ತಂದೊಪ್ಪಿಸುವ ರಾಗಿ, ಅಕ್ಕಿ, ಬೇಳೆಗಳಿಂದಲ್ಲವೆ? ಕಾಯಕವಿಲ್ಲದೆ ದಾಸೋಹವಿಲ್ಲ, ನೆಲವಿಲ್ಲದೆ ರೈತನಿಗೆ ಕಾಯಕವಿಲ್ಲ. ಅಲ್ಲದೆ ಇಂದು ಇಲ್ಲಿ ನೆರೆದಿರುವವರಲ್ಲಿ ಅನೇಕರ ಊರುಗಳ ಬಾಗಿಲಿಗೆ ನಗರವು ಬಂದು ನಿಂತಿದೆ. ಹೊಲವನ್ನು ಇಟ್ಟುಕೊಳ್ಳೋಣವೋ ಮಾರಿಬಿಡೋಣವೋ ಎಂಬ ಪ್ರಶ್ನೆಯು ಅವರ ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ ನಿತ್ಯವೂ ಎದ್ದಿದೆ. ಆದಕಾರಣ ಈ ವಿಚಾರವು ಸರಕಾರದವರಿಗೆ ಮಾತ್ರವೇ ಸೇರಿದುದಲ್ಲ. ನಮ್ಮ ಮನೆಯ ವಿಚಾರವೇ ಆಗಿದೆ.

ದೃಷ್ಟಾಂತಕ್ಕಾಗಿ ಬೆಂಗಳೂರನ್ನೇ ತೆಗೆದುಕೊಳ್ಳುತ್ತೇನೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಈ ಪಟ್ಟಣಕ್ಕೆ ಸಮೀಪದಲ್ಲಿ ದೊಡ್ಡ ನದಿಯಿಲ್ಲವೆಂಬುದು ಸರ್ವರಿಗೂ ವಿದಿತವೇ ಇದೆ. ಎತ್ತರದ ನೆಲದಲ್ಲಿ ಬಿದ್ದ ಮಳೆಯ ನೀರು ಹರಿದುಹೋಗದಂತೆ ತಗ್ಗುಗಳಿಗೆ ಏರಿ ಹಾಕಿ ಕೆರೆಗಳನ್ನು ನಿರ್ಮಿಸಿದರು. ಒಂದು ಕೆರೆಯ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ ಸೇರುತ್ತಿತ್ತು. ತೂಬಿನಿಂದ ಹೊರಟ ನೀರು ಅಚ್ಚುಕಟ್ಟಿನ ತರಿ ಜಮೀನಿಗೂ ಬಾಗಾಯ್ತಿಗೂ ಹರಿಯುತ್ತಿತ್ತು. ಏರುನೆಲದ ಖುಷ್ಕಿಯಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದವು. ಹೀಗೆ ಕೆರೆ, ಹೊಲ, ಊರು ಎಂಬ ಮೂರೂ ಒಂದೇ ಶರೀರದ ಅಂಗಗಳಂತೆ ಇದ್ದುವು. ತೋಟಗಾರಿಕೆಯಲ್ಲಿ ನಿಪುಣರಾದ ತಿಗಳರು ಸಂಪಂಗಿ ಕೆರೆಯೇ ಮೊದಲಾದವುಗಳ ಆಸುಪಾಸಿನಲ್ಲಿ ಹೂವು, ಸೊಪ್ಪು, ತರಕಾರಿಗಳನ್ನು ಬೆಳೆದು ಪೇಟೆಗೆ ಒದಗಿಸುತ್ತಿದ್ದರು. ಅಂದರೆ ನಗರದ ಹೊಲವೆಂಬುದು ನಗರವು ಬೆಳೆಯುವಾಗ ಆಕಸ್ಮಿಕವಾಗಿ ಉಳಿದುಹೋದ ಖಾಲಿ ಜಾಗವಲ್ಲ. ನಗರದ ಹುಟ್ಟಿನೊಂದಿಗೇ ಹುಟ್ಟಿದ ಅದರ ಅಂಗವು.

ಇಂದು ಆ ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ವಿಧಿಗಳು ನಡೆಯಲೆಂದು ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಧರ್ಮಾಂಬುಧಿ ಕೆರೆಯ ಅಂಗಳವು ಕೆಂಪೇಗೌಡ ಬಸ್ಸು ನಿಲ್ದಾಣವಾಗಿದೆ. ಕೆರೆ ಹೋದ ಮೇಲೆ ಅಚ್ಚುಕಟ್ಟು ಉಳಿಯುವುದೆಂತು? ತೂಬೇ ಇಲ್ಲವಾದಲ್ಲಿ ನೀರುಗಂಟಿಗೆ ಕೆಲಸವೇನು?

ಹಾಗೆಂದು ಹಳೆಯದನ್ನು ನೆನೆದು ಕಣ್ಣೀರಿಡುವುದಷ್ಟೇ ನಮ್ಮ ಉದ್ದೇಶವಲ್ಲ. ಪಟ್ಟಣವು ಬೆಳೆದರೂ ಅದರ ಸೆರಗಿನಲ್ಲಿ ಬೇಸಾಯವು ಬಹುಕಾಲ ಬಾಳಿದ್ದಕ್ಕೆ ಕಾರಣಗಳುಂಟು. 1899ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದವರು 30 ಎಕರೆಯಲ್ಲಿ ಪ್ರಾಯೋಗಿಕ ಬೇಸಾಯ ಕ್ಷೇತ್ರವನ್ನು ಏರ್ಪಡಿಸಿದರು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಭೂಮಿಯು ಇಂದಿಗೂ ಊರೊಳಗಿನ ಹೊಲವಾಗಿ ನಿಂತಿದೆ. 1959ರಲ್ಲಿ ತೋಟಗಾರಿಕೆಯ ಮಹಾಪುರುಷರೆನಿಸಿದ ಡಾಕ್ಟರ್ ಮರಿಗೌಡರ ಪ್ರೋತ್ಸಾಹದಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘವನ್ನು ಕಟ್ಟಿದರು. ಅದೇ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾಗಿ ಬೀದಿಬೀದಿಗಳಲ್ಲಿ ಹಣ್ಣು ತರಕಾರಿಗಳ ಮಳಿಗೆಗಳನ್ನು ತೆರೆಯಿತು. ಬೆಂಗಳೂರಿನ ನೀಲಿ ದ್ರಾಕ್ಷಿ, ದೇವನಹಳ್ಳಿಯ ಚಕ್ಕೋತ, ಬೆಂಗಳೂರಿನ ಗುಲಾಬಿ ಈರುಳ್ಳಿ ಈ ಮೂರೂ ನೆಲದ ಹೆಸರಿನ ರಕ್ಷೆಯಾದ ಭೌಗೋಲಿಕ ಸೂಚಿಯನ್ನು ಪಡೆದಿವೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಎಲ್ಲಿ ಬೆಳೆದವನಿಗೆ ವಿದ್ಯೆಯೂ ಮಾರುಕಟ್ಟೆಯೂ ಹತ್ತಿರದಲ್ಲಿ ದೊರೆತವೋ ಅಲ್ಲಿ ಹೊಲವು ತನ್ನಷ್ಟಕ್ಕೆ ತಾನೇ ಉಳಿದುಕೊಂಡು ಬಂದಿತು.

ಇನ್ನು ಅದು ಕರಗುತ್ತ ಬಂದ ಬಗೆಯನ್ನು ನೋಡೋಣ. 1941ರ ಜನಗಣತಿಯಲ್ಲಿ ಪೇಟೆ ದಂಡುಗಳೆರಡೂ ಸೇರಿ ಬೆಂಗಳೂರಿನ ಜನಸಂಖ್ಯೆಯು ಸುಮಾರು 4 ಲಕ್ಷ. 2011ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ 84 ಲಕ್ಷ. ಇಷ್ಟು ಜನಕ್ಕೆ ನೆಲೆ ಬೇಕಾಯಿತೆಂಬುದು ಸಹಜವೇ. ಇದನ್ನು ಮುಂಗಂಡು 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ನಗರದ ಸುತ್ತ ಹಸಿರು ಪಟ್ಟಿಯೊಂದನ್ನು ಗುರುತಿಸಿದರು. ಒಟ್ಟು 1,279 ಚದರ ಕಿಲೋಮೀಟರುಗಳಲ್ಲಿ ಸುಮಾರು 839 ಚದರ ಕಿಲೋಮೀಟರುಗಳು ಈ ಪಟ್ಟಿಗೆ ಸೇರಿದ್ದುವು. ಅಲ್ಲಿ ಬೇಸಾಯವೇ ಪ್ರಧಾನ, ಕಟ್ಟಡಗಳು ವಿರಳ ಎಂಬುದು ನಿಯಮ. ಸಂಕಲ್ಪವು ಶ್ಲಾಘ್ಯವೇ ಸರಿ. ಆದರೆ ಮುಂದಿನ ಪರಿಷ್ಕರಣಗಳಲ್ಲಿ ನಗರದ ಗೆರೆಯು ಹೊರಕ್ಕೆ ಸರಿಯುತ್ತ ಹೋಯಿತು. ಹಸಿರು ಪಟ್ಟಿಯು ಕಿರಿದಾಗುತ್ತ ಬಂದಿತು. ಗೆರೆಯೊಳಗಿನ ಹೊಲಗಳೂ ಭೂಪರಿವರ್ತನೆಯ ಅಪ್ಪಣೆ ಪಡೆದೋ ಪಡೆಯದೆಯೋ ನಿವೇಶನಗಳಾದುವು.

ಗೆರೆಯು ಏಕೆ ನಿಲ್ಲಲಿಲ್ಲ? ಈ ಪ್ರಶ್ನೆಗೆ ಉತ್ತರ ದೊರೆತರೆ ಉಳಿದುದೆಲ್ಲವೂ ತಾನಾಗಿ ತಿಳಿಯುವುದು. ನಾಲ್ಕು ಎಕರೆಯುಳ್ಳ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅವನಿಗೆ ಮೂವರು ಮಕ್ಕಳು. ಹೊಲವು ಪಾಲಾದರೆ ಒಬ್ಬೊಬ್ಬನಿಗೆ ಐವತ್ತಮೂರು ಗುಂಟೆಯಷ್ಟೇ. ಕೆರೆ ಬತ್ತಿದೆ, ಕೊಳವೆ ಬಾವಿಯ ನೀರು ವರ್ಷವರ್ಷಕ್ಕೆ ಆಳಕ್ಕಿಳಿಯುತ್ತಿದೆ, ಆಳುಗಳು ಕಟ್ಟಡದ ಕೂಲಿಗೆ ಹೋಗಿದ್ದಾರೆ, ಸುತ್ತಲಿನ ಹೊಲಗಳಿಗೆ ಕಲ್ಲು ಕಂಬ ಬಿದ್ದು ಎತ್ತು ಬಂಡಿ ಹೋಗುವ ದಾರಿಯೂ ಮುಚ್ಚಿದೆ. ಹೀಗಿರುವಾಗ ಒಬ್ಬನು ಬಂದು, ಈ ನೆಲದಲ್ಲಿ ಜೀವಮಾನವೆಲ್ಲ ಬೆಳೆದರೂ ಕೈಗೆ ಬಾರದಷ್ಟು ಹಣವನ್ನು ಒಂದೇ ದಿನ ಕೊಡುತ್ತೇನೆನ್ನುತ್ತಾನೆ. ಮಗಳ ಮದುವೆಯಿದೆ, ಸಾಲವಿದೆ. ಅವನು ಮಾರಿದರೆ ಅದನ್ನು ಲೋಭವೆಂದು ನಿಂದಿಸುವುದು ನ್ಯಾಯವಲ್ಲ. ಭೂಮಿಯ ಬೆಲೆಯು ಬೆಳೆಯ ಲೆಕ್ಕದಿಂದ ತಪ್ಪಿ ನಿವೇಶನದ ಲೆಕ್ಕಕ್ಕೆ ಸೇರಿದ ದಿನವೇ ಆ ಹೊಲದ ವಿಧಿ ಬರೆದಂತಾಯಿತು. ಕೃಷಿಕರಲ್ಲದವರು ಸಾಗುವಳಿ ಜಮೀನನ್ನು ಕೊಳ್ಳುವುದಕ್ಕಿದ್ದ ಬಹುಕಾಲದ ನಿರ್ಬಂಧಗಳನ್ನು 2020ರ ಭೂಸುಧಾರಣಾ ತಿದ್ದುಪಡಿಯು ತೆಗೆದುಹಾಕಿದ ಮೇಲೆ ಕೊಳ್ಳುವವರ ಸಂಖ್ಯೆಗೆ ಮಿತಿಯಿಲ್ಲದಂತಾಗಿದೆ.

ಇದಕ್ಕೆ ಇದಿರಾಗಿ ನಿಂತ ಒಂದು ನಿದರ್ಶನವನ್ನೂ ಹೇಳತಕ್ಕದ್ದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಯತ್ನವಾಯಿತು. 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಆ ಸೀಮೆಯ ಬೆಲೆಯು ಎಷ್ಟಕ್ಕೇರಿತೆಂಬುದನ್ನು ತಾವೆಲ್ಲರೂ ಬಲ್ಲಿರಿ. ಆದರೂ ಅಲ್ಲಿನ ರೈತರು ನಮಗೆ ನೆಲವೇ ಬೇಕೆಂದು 2022ರ ಏಪ್ರಿಲ್ 4ರಂದು ಧರಣಿಗೆ ಕುಳಿತರು. ಮೂರು ಬೇಸಗೆ, ಮೂರು ಮಳೆಗಾಲಗಳನ್ನು ಕಳೆದು 1,198 ದಿನಗಳಾದ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರಿದ್ದರೆ ಹೆಚ್ಚಿನ ಬೆಲೆಗೆ ಕೊಳ್ಳುವುದಾಗಿಯೂ ಅದೇ ಮಾತಿನಲ್ಲಿ ತಿಳಿಸಿದರು. ಈ ಎರಡನೆಯ ಮಾತನ್ನು ಚೆನ್ನಾಗಿ ಮನನ ಮಾಡಬೇಕು. ಬಲಾತ್ಕಾರದ ಭಯವು ತಪ್ಪಿತು. ಆದರೆ ಆಮಿಷದ ಪರೀಕ್ಷೆಯು ಪ್ರತಿಯೊಂದು ಮನೆಯ ಹೊಸ್ತಿಲಲ್ಲಿಯೂ ಉಳಿಯಿತು. ಒಗ್ಗಟ್ಟಿನಿಂದ ಗೆದ್ದ ನೆಲವನ್ನು ಇನ್ನು ಮುಂದೆ ಒಬ್ಬೊಬ್ಬನೂ ಒಂಟಿಯಾಗಿ ಕಾಯಬೇಕಾಗಿದೆ.

ಈಗ ಪೂರ್ವಪಕ್ಷಗಳನ್ನು ವಿಮರ್ಶಿಸೋಣ.

ಮೊದಲನೆಯ ಪೂರ್ವಪಕ್ಷವಿದು: ನಗರಕ್ಕೆ ಬೇಕಾದುದು ಮನೆ, ರಸ್ತೆ, ಉದ್ಯೋಗ, ಧಾನ್ಯವನ್ನು ದೂರದಿಂದ ತರಿಸಿಕೊಳ್ಳಬಹುದಾದುದರಿಂದ ಬೆಲೆಬಾಳುವ ನೆಲದಲ್ಲಿ ರಾಗಿ ಬಿತ್ತುವುದು ವ್ಯರ್ಥ. ಇದಕ್ಕೆ ಸಮಾಧಾನ: ಧಾನ್ಯವು ದೂರದಿಂದ ಬಂದೀತು, ನಿಜ. ಆದರೆ ಬೆಳಗ್ಗೆ ಕಿತ್ತು ಸಂಜೆಯೊಳಗೆ ಬಾಡುವ ಸೊಪ್ಪು, ಹೂವುಗಳಿಗೆ ಹತ್ತಿರದ ಹೊಲವೇ ಲೇಸು. ಹೊಲವು ಬೆಳೆಯನ್ನು ಮಾತ್ರ ಕೊಡುವುದೂ ಅಲ್ಲ. ಉತ್ತ ನೆಲವು ಮಳೆಯ ನೀರನ್ನು ಕುಡಿದು ಅಂತರ್ಜಲಕ್ಕೆ ಇಳಿಸುವುದು. ಕಾಂಕ್ರೀಟಿನ ನೆಲವು ಅದನ್ನು ಹಾಗೆಯೇ ಹೊರದೂಡುವುದು. ಕೆರೆಗೆ ನೀರು ಬರುವ ಹೊಲಗಳನ್ನೆಲ್ಲ ಮುಚ್ಚಿದ ಊರು ಮಳೆಗಾಲದಲ್ಲಿ ಮುಳುಗುವುದೂ ಬೇಸಗೆಯಲ್ಲಿ ಬಾಯಾರುವುದೂ ಒಂದೇ ಕಾರಣದಿಂದ. ಎಲ್ಲ ನೆಲವನ್ನೂ ಹೊಲವಾಗಿಯೇ ಇಡಬೇಕೆಂದು ನಾವು ಹೇಳುವುದಿಲ್ಲ. ಬಡವನಿಗೂ ಸೂರು ಬೇಕು. ಕೆರೆಯ ಅಚ್ಚುಕಟ್ಟನ್ನೂ ಒಳ್ಳೆಯ ಮಣ್ಣಿನ ಹೊಲವನ್ನೂ ಬಿಟ್ಟು, ಈಗಾಗಲೇ ಕಟ್ಟಿ ಅರೆಬರೆ ಖಾಲಿ ಬಿದ್ದಿರುವ ನಿವೇಶನಗಳಲ್ಲಿ ಮೊದಲು ಮನೆಗಳೇಳಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ.

ಎರಡನೆಯ ಪೂರ್ವಪಕ್ಷ: ನಗರದ ಹೊಲಗಳಿಗೆ ಹರಿಯುವುದು ಕೊಳಚೆ ನೀರು, ಅಂತಹ ಬೆಳೆಯಿಂದ ಆರೋಗ್ಯಕ್ಕೇ ಹಾನಿ. ಈ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ವೃಷಭಾವತಿಯು ನಗರದ ಕಲ್ಮಷವನ್ನು ಹೊತ್ತು ಬೈರಮಂಗಲದ ಕೆರೆಗೆ ಸೇರುತ್ತದೆ. ಅಲ್ಲಿಯ ರೈತರು ಆ ನೀರಿನಿಂದಲೇ ಬೇಸಾಯ ಮಾಡಿಕೊಂಡು ಬಂದಿದ್ದಾರೆ. ಆದರೆ ಇದು ಹೊಲವನ್ನು ಮುಚ್ಚುವುದಕ್ಕೆ ಕಾರಣವಲ್ಲ. ನೀರನ್ನು ಶುದ್ಧಿಮಾಡುವುದಕ್ಕೆ ಕಾರಣವು. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ಶುದ್ಧೀಕರಣವು ಸಾಲದೆಂದು ಆಕ್ಷೇಪಿಸಿದವರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. ಅವರ ಎಚ್ಚರಿಕೆಯೂ ಬೇಕು, ನೀರನ್ನು ಮರಳಿ ನೆಲಕ್ಕೆ ಕೊಡುವ ಆ ಮಾರ್ಗವೂ ಬೇಕು. ನಗರವು ಹೊಲದಿಂದ ಅನ್ನವನ್ನು ಪಡೆದು ಹೊಲಕ್ಕೆ ವಿಷವನ್ನು ಹಿಂದಿರುಗಿಸುವುದು ಯಾವ ಧರ್ಮ?

ಮೂರನೆಯ ಪೂರ್ವಪಕ್ಷವೇ ಎಲ್ಲಕ್ಕಿಂತ ಬಲವಾದುದು. ನಗರದವರಿಗೆ ತಂಪು ಗಾಳಿ ಬೇಕೆಂದು ರೈತನ ನೆಲವನ್ನು ಕಟ್ಟಿಹಾಕುವುದು ಅನ್ಯಾಯವಲ್ಲವೆ? ಗೆರೆಯ ಈಚೆಗಿನವನು ನಿವೇಶನ ಮಾಡಿ ಕೋಟಿವಂತನಾಗುತ್ತಾನೆ. ಆಚೆಗಿನವನು ರಾಗಿ ಬೆಳೆದು ಸಾಲಗಾರನಾಗಿಯೇ ಉಳಿಯುತ್ತಾನೆ. ಒಂದೇ ಗೆರೆಯು ಒಬ್ಬನಿಗೆ ವರವೂ ಇನ್ನೊಬ್ಬನಿಗೆ ಶಾಪವೂ ಆಗುವುದು ಹೇಗೆ ನ್ಯಾಯವಾದೀತು?

ಈ ಆಕ್ಷೇಪವು ಸತ್ಯವಾದುದು. ಆದ್ದರಿಂದಲೇ ಸಿದ್ಧಾಂತವೂ ಇದರಿಂದಲೇ ಹುಟ್ಟಬೇಕು: ಹೊಲವನ್ನು ಉಳಿಸುವುದೆಂದರೆ ಉಳುವವನನ್ನು ಉಳಿಸುವುದು. ಉಳುವವನಿಗೆ ಪ್ರತಿಫಲವನ್ನು ಕೊಡದೆ ಎಳೆದ ಗೆರೆಯು ಎಂದಿಗೂ ನಿಲ್ಲದು. ಅನ್ಯದೇಶಗಳ ಎರಡು ದೃಷ್ಟಾಂತಗಳು ಇದನ್ನೇ ದೃಢಪಡಿಸುತ್ತವೆ.

ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನ ನೆರೆಯಲ್ಲಿ, ಮೇರಿಲ್ಯಾಂಡ್ ಸಂಸ್ಥಾನದ ಮಾಂಟ್‌ಗೊಮೆರಿ ಎಂಬ ಸೀಮೆಯಿದೆ. ಅಲ್ಲಿಯವರು 1980ರಲ್ಲಿ ಸುಮಾರು 93,000 ಎಕರೆಯನ್ನು ಬೇಸಾಯಕ್ಕೆಂದು ಮೀಸಲಿಟ್ಟು, 25 ಎಕರೆಗೆ ಒಂದು ಮನೆಗಿಂತ ಹೆಚ್ಚು ಕಟ್ಟಕೂಡದೆಂದು ವಿಧಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ರೈತರಿಗೆ ನಷ್ಟವೇ ಆಗುತ್ತಿತ್ತು. ಆದರೆ ಅವರು ಪ್ರತಿ 5 ಎಕರೆಗೆ ಒಂದರಂತೆ ಮನೆ ಕಟ್ಟುವ ಹಕ್ಕನ್ನು ರೈತನಿಗೆ ಬಿಟ್ಟುಕೊಟ್ಟರು. ಆ ಹಕ್ಕನ್ನು ತನ್ನ ಹೊಲದಲ್ಲಿ ಬಳಸುವಂತಿಲ್ಲ. ಪಟ್ಟಣದ ಗೊತ್ತಾದ ಭಾಗಗಳಲ್ಲಿ ಹೆಚ್ಚು ಮನೆಗಳನ್ನು ಕಟ್ಟಬಯಸುವವರಿಗೆ ಮಾರಬಹುದು. ಹೀಗೆ ಕಟ್ಟುವವನ ಹಣವು ರೈತನಿಗೆ ಬಂದಿತು. ಹೊಲವು ಹೊಲವಾಗಿಯೇ ನಿಂತಿತು. ಈ ಉಪಾಯವು ನಮಗೆ ತೀರ ಅಪರಿಚಿತವಲ್ಲ. ರಸ್ತೆ ಅಗಲವಾಗಿಸುವಾಗ ನೆಲ ಕಳೆದುಕೊಂಡವರಿಗೆ ಹಣಕ್ಕೆ ಬದಲಾಗಿ ವರ್ಗಾಯಿಸಬಹುದಾದ ಕಟ್ಟಡದ ಹಕ್ಕನ್ನು ಕೊಡುವ ಪದ್ಧತಿಯು ಬೆಂಗಳೂರಿನಲ್ಲಿಯೂ ಉಂಟು. ರಸ್ತೆಗೆ ನೆಲ ಬಿಟ್ಟವನಿಗೆ ಸಲ್ಲುವ ನ್ಯಾಯವು ಊರಿನ ನೀರಿಗೂ ಅನ್ನಕ್ಕೂ ನೆಲ ಉಳಿಸಿದವನಿಗೆ ಏಕೆ ಸಲ್ಲಬಾರದು?

ಎರಡನೆಯದು ಜಪಾನಿನ ಟೋಕಿಯೊ ಮಹಾನಗರದ ದೃಷ್ಟಾಂತ. ಅಲ್ಲಿ ಮನೆಗಳ ನಡುನಡುವೆಯೇ ಮೂಲಂಗಿ, ಎಲೆಕೋಸು ಬೆಳೆಯುವ ಪುಟ್ಟ ಪುಟ್ಟ ಹೊಲಗಳಿವೆ. 1974ರಲ್ಲಿ ಮಾಡಿ 1991ರಲ್ಲಿ ತಿದ್ದಿದ ಕಾನೂನಿನಂತೆ, 30 ವರ್ಷ ಬೇಸಾಯ ಬಿಡೆನೆಂದು ಒಪ್ಪಿಕೊಂಡ ರೈತನ ನೆಲಕ್ಕೆ ನಿವೇಶನದ ಭಾರಿ ತೆರಿಗೆಯಿಲ್ಲದೆ ಹೊಲದ ಹಗುರ ತೆರಿಗೆಯಷ್ಟೇ ಬೀಳುವುದು. ಆ ಅವಧಿಯು 2022ರ ಸುಮಾರಿಗೆ ಮುಗಿಯಲಿದ್ದುದರಿಂದ ಹೊಲಗಳೆಲ್ಲ ಒಮ್ಮೆಲೇ ಮಾರಾಟವಾದಾವೆಂಬ ಆತಂಕವುಂಟಾಗಿ, 2017ರಲ್ಲಿ ಹತ್ತು ಹತ್ತು ವರ್ಷಗಳಂತೆ ಅದನ್ನು ಮುಂದುವರಿಸುವ ಅವಕಾಶವನ್ನು ಕಲ್ಪಿಸಿದರು. ಮುಪ್ಪಿನವರು ತೆರಿಗೆಯ ಸೌಲಭ್ಯವನ್ನು ಕಳೆದುಕೊಳ್ಳದೆ ನೆಲವನ್ನು ಬೇರೆಯವರಿಗೆ ಗೇಣಿಗೆ ಕೊಡುವಂತೆ 2018ರಲ್ಲಿ ಏರ್ಪಾಟಾಯಿತು. ನೆರಿಮಾ ಎಂಬ ವಿಭಾಗದಲ್ಲಿ 1996ರಿಂದ ರೈತರೇ ಗುರುಗಳಾಗಿ ನಗರದ ಜನರಿಗೆ ತಮ್ಮ ಹೊಲದಲ್ಲಿ ಬೇಸಾಯ ಕಲಿಸುತ್ತಾರೆ. ಕಲಿಯುವವರು ಶುಲ್ಕ ಕೊಟ್ಟು ಬೆಳೆಯನ್ನು ಕೊಂಡೊಯ್ಯುತ್ತಾರೆ. ರೈತನಿಗೆ ನಿಶ್ಚಿತವಾದ ವರಮಾನ, ಪಟ್ಟಣದವನಿಗೆ ಅನ್ನದ ಮೂಲದ ಅರಿವು.

ಈ ಎರಡು ದೇಶಗಳ ರೀತಿಯೂ ದೋಷರಹಿತವೇನಲ್ಲ. ಟೋಕಿಯೊದಲ್ಲಿಯೂ ಹೊಲಗಳು ಕಡಿಮೆಯಾಗುತ್ತಲೇ ಬಂದಿವೆ; ತಂದೆ ತೀರಿಕೊಂಡಾಗ ಬರುವ ತೆರಿಗೆ, ಮಗನಿಗೆ ಬೇಸಾಯ ಬೇಡವಾಗುವುದು, ಇವೆರಡೂ ಅಲ್ಲಿಯೂ ಇರುವ ತೊಡಕುಗಳೇ. ಆದರೆ ಅಲ್ಲಿಯವರು ರೈತನಿಗೆ ಬರಿಯ ನಿಷೇಧವನ್ನು ವಿಧಿಸಲಿಲ್ಲ. ಅವನೊಡನೆ ಒಡಂಬಡಿಕೆ ಮಾಡಿಕೊಂಡರು. ನಮ್ಮ ಹಸಿರು ಪಟ್ಟಿಗೆ ಇಲ್ಲದೆ ಹೋದುದು ಈ ಒಡಂಬಡಿಕೆಯೇ.

ಕಾನೂನು ಮಾಡುವವರು ಮಾಡಲಿ. ಸದ್ಭಕ್ತರಾದ ತಾವು ಮಾಡಬಹುದಾದುದೇನು? ಯಾರಿಗೂ ಹೊಲ ಮಾರಬೇಡಿರೆಂದು ಆಣೆಯಿಡುವ ಅಧಿಕಾರ ನನಗಿಲ್ಲ. ಸಾಲದವನ ಸಂಕಟವನ್ನು ಹೊರಗಿನವನು ತೂಗಲಾರನು. ಆದರೂ ಮೂರು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇನೆ.

ಮಾರುವ ಮೊದಲು ಮನೆಯ ಹೆಂಗಸರನ್ನೂ ಕೇಳಿರಿ. ಹಣವು ಗಂಡಸರ ಕೈಗೆ ಬಂದು ಕೆಲವೇ ವರ್ಷಗಳಲ್ಲಿ ಕರಗಿದ ಮನೆಗಳನ್ನು ನಾವು ಕಂಡಿದ್ದೇವೆ. ಹಸು ಕಟ್ಟುತ್ತಿದ್ದ, ಸೊಪ್ಪು ಮಾರುತ್ತಿದ್ದ ತಾಯಿಗೆ ಆ ಹಣದಲ್ಲಿ ಪಾಲು ಬಾರದಿದ್ದರೂ ಕಾಯಕವು ಮಾತ್ರ ಹೋಗಿಬಿಡುವುದು. ಆ ನೆಲದಲ್ಲಿ ಕೂಲಿ ಮಾಡಿ ಬದುಕಿದವನಿಗಂತೂ ಪರಿಹಾರದ ಪಟ್ಟಿಯಲ್ಲಿ ಹೆಸರೇ ಇರುವುದು ಅಪರೂಪ.

ಎರಡನೆಯದು, ಒಂಟಿಯಾಗಿ ನಿಲ್ಲಬೇಡಿರಿ. ಒಬ್ಬನ ಹೊಲದ ನಾಲ್ಕು ಕಡೆಯೂ ಮನೆಗಳೆದ್ದ ಮೇಲೆ ಅವನು ಬಯಸಿದರೂ ಬೇಸಾಯ ಮಾಡಲಾರನು. ಒಂದು ಕೆರೆಯ ಅಚ್ಚುಕಟ್ಟಿನವರೆಲ್ಲ ಕೂಡಿ ಕೆರೆಯ ಹೂಳೆತ್ತಿ, ಕಾಲುವೆ ಕಾಯ್ದು, ಬೆಳೆಯನ್ನು ಒಟ್ಟಾಗಿ ಮಾರಿದರೆ ಎಲ್ಲರ ಹೊಲವೂ ಉಳಿದೀತು. ಅಂದು ದ್ರಾಕ್ಷಿ ಬೆಳೆಗಾರರು ಕೂಡಿದಂತೆ ಇಂದು ಸೊಪ್ಪು ಬೆಳೆಯುವವರೂ ಕೂಡಬಾರದೇಕೆ?

ಮೂರನೆಯದು ನಗರವಾಸಿಗಳಾದ ಭಕ್ತರಿಗೆ. ಸಂಕ್ರಾಂತಿಯ ಕಾಲದಲ್ಲಿ ಸೊಗಡಿನ ಅವರೆಕಾಯಿಯನ್ನು ಆಸೆಪಟ್ಟು ಕೊಳ್ಳುತ್ತೀರಿ. ಅದನ್ನು ಬೆಳೆದವನ ಊರು ಯಾವುದು, ಅವನಿಗೆ ಸಂದುದೆಷ್ಟು ಎಂದು ಒಮ್ಮೆ ವಿಚಾರಿಸಿರಿ. ಹತ್ತು ಮನೆಯವರು ಸೇರಿ ಹತ್ತಿರದ ಹಳ್ಳಿಯ ಒಬ್ಬ ಬೆಳೆಗಾರನಿಂದ ವರ್ಷವಿಡೀ ಕೊಳ್ಳುವ ಕಟ್ಟುಪಾಡು ಮಾಡಿಕೊಂಡರೆ, ಅವನು ಬಿತ್ತುವ ಮೊದಲೇ ಅವನ ಬೆಳೆಗೆ ಬೆಲೆ ಗೊತ್ತಾಗಿರುವುದು. ಚೌಕಾಸಿಯಲ್ಲಿ ಉಳಿಸಿದ ಎರಡು ರೂಪಾಯಿಗಿಂತ ಅವನು ಉಳಿಸಿದ ಎರಡು ಎಕರೆ ದೊಡ್ಡದು.

ಮಠವೂ ಈ ಕರ್ತವ್ಯದಿಂದ ಹೊರತಲ್ಲ. ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ದಿನಕ್ಕೆ ಒಂದು ಗಳಿಗೆಯಾದರೂ ಮಣ್ಣಿನಲ್ಲಿ ಕೈಯಾಡಿಸುವಂತಾಗಬೇಕೆಂದು ಶ್ರೀ ಸನ್ನಿಧಿಯಲ್ಲಿ ಭಿನ್ನವಿಸುತ್ತೇನೆ. ವ್ಯಾಕರಣವನ್ನು ಬಲ್ಲವನಿಗೆ ರಾಗಿಯ ಪೈರಿಗೂ ಹುಲ್ಲಿಗೂ ಇರುವ ಭೇದವು ತಿಳಿಯದಿದ್ದರೆ ಆ ವಿದ್ಯೆಯು ಪೂರ್ಣವೆನಿಸಲಾರದು.

ನಗರವು ಬೆಳೆಯದಿರಲೆಂದು ನಾವು ಹರಸುವುದಿಲ್ಲ. ಅಲ್ಲಿಯೂ ನಮ್ಮ ಮಕ್ಕಳೇ ದುಡಿಯುತ್ತಿದ್ದಾರೆ. ಆದರೆ ಒಮ್ಮೆ ತಳಪಾಯ ಬಿದ್ದ ನೆಲವು ಮರಳಿ ಹೊಲವಾಗುವುದು ದುರ್ಲಭ. ಹೊಲವಾಗಿರುವುದನ್ನು ನಾಳೆ ಬೇಕಾದರೂ ಮನೆ ಮಾಡಬಹುದು; ಮನೆಯಾದುದನ್ನು ನಾಳೆ ಬೇಕೆಂದರೆ ಹೊಲ ಮಾಡಲಾಗದು. ಇಷ್ಟನ್ನು ನೆನಪಿನಲ್ಲಿಟ್ಟು ನಿಧಾನಿಸಿ ನಡೆಯುವುದೇ ವಿವೇಕ. ಉಳುವವರ ಮನೆಗಳಲ್ಲಿ ಸಾಲವು ತೀರಲಿ, ಕೆರೆಗಳು ತುಂಬಲಿ, ಬಂದವರಿಗೆಲ್ಲ ಅನ್ನವಿಡುವ ಶಕ್ತಿಯು ಈ ನಾಡಿಗೆ ಕುಂದದಿರಲಿ ಎಂದು ಪ್ರಾರ್ಥಿಸುತ್ತೇನೆ.